ಕೊಳಗ ಬಿದ್ದ ಸದ್ದು

ಸೋಮವಾರ ಬೆಳಿಗ್ಗೆ ಹೊಳಲಿನ ಆಚೆಗಿನ ಒಂದು ಹಳ್ಳಿಯಿಂದ ಫೋನ್ ಬಂತು. ಮನೆಯ ಯಜಮಾನರು ತೀರಿಕೊಂಡಿದ್ದಾರೆ, ಕಣ್ಣು ದಾನ ಮಾಡಬೇಕೆಂದು ಮೊದಲೇ ಹೇಳಿದ್ದರು, ಮಣ್ಣು ಮಾಡುವುದಕ್ಕೆ ಮುಂಚೆ ಬಂದು ತೆಗೆದುಕೊಂಡು ಹೋಗಿ ಎಂದರು. ಮಂಡ್ಯದ ಒಂದು ಕಣ್ಣಾಸ್ಪತ್ರೆಯಲ್ಲಿ ಕಾರ್ನಿಯಾ ಕಸಿ ಮಾಡುವ ವೈದ್ಯೆ ನಾನು. ಕಾರ್ನಿಯಾ ಎಂದರೆ ಕರಿಗುಡ್ಡೆಯ ಮೇಲೆ ಕೈಗಡಿಯಾರದ ಗಾಜಿನಂತೆ ಕೂತಿರುವ ತಿಳಿಯಾದ ಪೊರೆ. ಅದು ಮಸುಕಾದರೆ ಹಿಂದಿರುವ ಕಣ್ಣು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಸತ್ತವರ ಕಣ್ಣಿನಿಂದ ಅದನ್ನು ಬಿಡಿಸಿ ತಂದು ಬದುಕಿರುವವರ ಕಣ್ಣಿಗೆ ಹೊಲಿಯುತ್ತೇವೆ. ಫೋನ್ ಬಂದ ಕೂಡಲೇ ನಮ್ಮ ತಂತ್ರಜ್ಞರು ಐಸ್ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಹೊರಟರು.

ಸಾವಿನ ಮನೆಯಲ್ಲಿ ಅವರು ಮಾಡುವ ಮೊದಲ ಕೆಲಸ ಪ್ರಶ್ನೆ ಕೇಳುವುದು. ಏನಾಗಿ ತೀರಿಕೊಂಡರು, ಕಾಮಾಲೆ ಇತ್ತೇ, ನಾಯಿ ಕಚ್ಚಿತ್ತೇ, ಮರೆವು ಇತ್ತೇ, ನಡಿಗೆ ತಪ್ಪುತ್ತಿತ್ತೇ. ಈ ಪ್ರಶ್ನೆಗಳನ್ನು ಯಾರನ್ನು ಕೇಳಬೇಕೆಂದು ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯವೂ ನಮಗೆ ಕಂಡಿರಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಹೊರಗಿನವರು ಹೋದರೆ ಜಗಲಿಯ ಮೇಲೆ ಗಂಡಸರ ಜೊತೆ ಕೂರುತ್ತಾರೆ, ಹೆಂಗಸರು ಒಳಗೆ ಹೆಣದ ಸುತ್ತ ಇರುತ್ತಾರೆ. ಮಗ, ತಮ್ಮ, ಭಾಮೈದ, ಊರಿನ ನಾಲ್ಕು ಹಿರಿಯರು ಉತ್ತರ ಹೇಳುತ್ತಾರೆ. ಅವತ್ತೂ ಹಾಗೆಯೇ ಆಯಿತು. ಬಿ.ಪಿ. ಇತ್ತು, ಸ್ವಲ್ಪ ಶುಗರ್ ಇತ್ತು, ವಯಸ್ಸಾಗಿತ್ತು, ಹಾರ್ಟು ನಿಂತಿತು ಎಂದರು. ಮರೆವಿನ ಪ್ರಶ್ನೆ ಬಂದಾಗ ತಮ್ಮನಾದವರು, ಅಂಥ ಬುದ್ಧಿವಂತ ಈ ಸುತ್ತಿನಲ್ಲೇ ಇರಲಿಲ್ಲ, ಚಿನ್ನದಂಥ ಮನುಷ್ಯ ಎಂದು ಕಣ್ಣೊರೆಸಿಕೊಂಡರಂತೆ. ಹೆಣ ಇನ್ನೂ ಮನೆಯಲ್ಲಿರುವಾಗ ಹಿರಿಯರ ತಲೆ ಕೆಟ್ಟಿತ್ತು ಎಂದು ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಮನೆಯಲ್ಲಾಗಿದ್ದರೆ ನಾನೂ ಬಿಡುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ರಕ್ತ ಪರೀಕ್ಷೆಯ ಫಲಿತಾಂಶ ಬಂತು, ಎಲ್ಲ ಸರಿ ಇತ್ತು. ಎರಡೂ ಕಾರ್ನಿಯಾಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಆ ವಯಸ್ಸಿಗೆ ಅಷ್ಟು ಚೆನ್ನಾಗಿರುವ ಪೊರೆ ಅಪರೂಪ. ಒಳಪದರದ ಕೋಶಗಳು ಜೇನುಹುಟ್ಟಿನ ಹಾಗೆ ಒತ್ತೊತ್ತಾಗಿದ್ದವು. ನಾನು ಖುಷಿಯಿಂದ ಸಿಳ್ಳೆ ಹಾಕಿದೆನೆಂದು ನಮ್ಮ ಸಿಸ್ಟರ್ ಈಗಲೂ ಆಡಿಕೊಳ್ಳುತ್ತಾರೆ. ಎರಡನ್ನೂ ಪೋಷಕ ದ್ರಾವಣದಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟೆವು. ಆ ದ್ರಾವಣದಲ್ಲಿ ಅವು ನಾಲ್ಕು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.

ಮಂಗಳವಾರ ಮೊದಲನೆಯದನ್ನು ಹೊಲಿದೆ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಡೆಯ ಹೆಂಗಸು. ಕಬ್ಬು ಕಡಿಯುವಾಗ ಗರಿ ಕಣ್ಣಿಗೆ ತಾಗಿ, ಅದರ ಮೇಲೆ ಬೂಷ್ಟು ಬೆಳೆದು, ಗಾಯ ಮಾಯುವ ಹೊತ್ತಿಗೆ ಕಾರ್ನಿಯಾ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಇನ್ನೊಂದು ಕಣ್ಣು ಚಿಕ್ಕಂದಿನಿಂದ ಮಂದ, ಎದುರು ನಿಂತವರು ಗಂಡಸೋ ಹೆಂಗಸೋ ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಒಂದು ವರ್ಷದಿಂದ ಸರದಿಯಲ್ಲಿ ಕಾಯುತ್ತಿದ್ದಳು. ಬಂದಾಗಲೆಲ್ಲ, ನನ್ನ ಸರದಿ ಬರುವಷ್ಟರಲ್ಲಿ ನಾನೇ ಕಣ್ಣು ದಾನ ಮಾಡುವ ವಯಸ್ಸಿಗೆ ಬಂದಿರುತ್ತೇನೆ ಎಂದು ನನ್ನನ್ನು ಛೇಡಿಸುತ್ತಿದ್ದಳು. ಕಣ್ಣು ಬಂದರೆ ಮುತ್ತತ್ತಿಗೆ ಹೋಗಿ ಮುತ್ತೆತ್ತರಾಯನನ್ನು ಕಣ್ತುಂಬ ನೋಡುತ್ತೇನೆಂದು ಹರಕೆ ಹೊತ್ತಿದ್ದಳು. ಕೆಟ್ಟ ಪೊರೆಯನ್ನು ದುಂಡಗೆ ಕೊರೆದು ತೆಗೆದು, ಹೊಸದನ್ನು ಕೂರಿಸಿ, ಕೂದಲಿಗಿಂತ ತೆಳುವಾದ ದಾರದಲ್ಲಿ ಸುತ್ತಲೂ ಹೊಲಿಗೆ ಹಾಕಿದೆ. ಎಲ್ಲ ಅಚ್ಚುಕಟ್ಟಾಗಿ ನಡೆಯಿತು.

ಬುಧವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಅವಳು ಮೊದಲು ನೋಡಿದ್ದು ತನ್ನ ಕೈಯನ್ನು. ಬಳೆ ಹಸಿರು ಎಂದಳು. ಏಳನೇ ಕ್ಲಾಸಿನ ಮಗಳು ಮಂಚದ ಪಕ್ಕ ನಿಂತಿದ್ದಳು. ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಇಷ್ಟು ಕಪ್ಪಗೆ ಯಾವಾಗ ಆದೆ ಎಂದು ಕೇಳಿದಳು. ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಅದೇ ಸಂತೋಷದಲ್ಲಿ ನಾನು ಕಾರು ಹತ್ತಿ ಹೊಳಲಿನ ಕಡೆ ಹೊರಟೆ.

ಕಣ್ಣು ಕೊಟ್ಟ ಮನೆಗೆ ಹಾಲು-ತುಪ್ಪದ ದಿನ ನಮ್ಮ ಆಸ್ಪತ್ರೆಯಿಂದ ಒಬ್ಬರು ಹೋಗಿ ಕೈಮುಗಿದು ಬರುವುದು ನಮ್ಮ ರೂಢಿ. ಹೊಲದ ಬದುವಿನಲ್ಲಿ ಹೊಸ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಎಡೆ ಇಟ್ಟು ಎಲ್ಲರೂ ಮನೆಗೆ ಬಂದಿದ್ದರು. ಜಗಲಿಯ ಮೇಲಿದ್ದ ಗಂಡಸರಿಗೆ ಎರಡು ಮಾತು ಹೇಳಿದೆ, ಅವರೂ ಎರಡು ಮಾತು ಹೇಳಿದರು. ಅಷ್ಟಕ್ಕೆ ಹೊರಟುಬಿಡುತ್ತಿದ್ದೆನೋ ಏನೋ. ಆದರೆ ನಾನು ಹೆಂಗಸಾದ್ದರಿಂದ ಒಳಗಿನಿಂದ ಕರೆ ಬಂತು, ಕಾಫಿ ಕುಡಿಯದೆ ಹೋಗಬಾರದೆಂದು. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಟ್ಟರು. ಹಿರಿಯ ಸೊಸೆ ಕಾಫಿ ತಂದಳು. ಒಣಗಿದ ಮುಖ, ಎಷ್ಟೋ ದಿನದಿಂದ ನಿದ್ದೆಯಿಲ್ಲದ ಕಣ್ಣು.

ಲೋಟ ಕೈಗೆ ತೆಗೆದುಕೊಳ್ಳುವಾಗ ಹಿತ್ತಲಲ್ಲಿ ಯಾರದೋ ಕೈಯಿಂದ ದೊಡ್ಡ ಕೊಳಗ ಜಾರಿ ಕಲ್ಲುಚಪ್ಪಡಿಯ ಮೇಲೆ ಧಡಾರನೆ ಬಿತ್ತು. ಎಲ್ಲರೂ ಒಮ್ಮೆ ಆ ಕಡೆ ನೋಡಿದರು. ಸೊಸೆಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

"ಮಾವ್ನೋರು ಇದ್ದಿದ್ರೆ ಈ ಸದ್ಗೆ ಮಂಚದಿಂದ ಎಗ್ರಿ ಬೀಳೋರು ಕಣಮ್ಮ," ಎಂದಳು. "ಒಂದ್ ಚಮಚ ಬಿದ್ರೂ ಮೈಯೆಲ್ಲ ಅದುರೋದು. ಮೂರ್ ತಿಂಗ್ಳಿಂದ ಈ ಮನೇಲಿ ಪಾತ್ರೆ ಸದ್ದೇ ಮಾಡ್ನಿಲ್ಲ ನಾನು."

ನಾನು ಲೋಟವನ್ನು ಕೆಳಗಿಟ್ಟೆ. ವೈದ್ಯಕೀಯ ಓದಿದ ಯಾರೇ ಆಗಲಿ, ಮುದುಕರೊಬ್ಬರು ಮೂರು ತಿಂಗಳಲ್ಲಿ ಸತ್ತರು, ಸದ್ದಿಗೆ ಮೈ ಅದುರುತ್ತಿತ್ತು ಎಂದು ಕೇಳಿದರೆ ಒಂದೇ ಒಂದು ಹೆಸರು ನೆನಪಿಗೆ ಬರುತ್ತದೆ, ಅದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಾರೆ. ನಾನು ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳುತ್ತಾ ಹೋದೆ. ಮೊದಲು ತಮ್ಮದೇ ಗದ್ದೆಯ ದಾರಿ ತಪ್ಪಿದರಂತೆ. ಆಮೇಲೆ ಕುಡಿದವರ ಹಾಗೆ ತೂರಾಡಿದರು, ಹನಿ ಕುಡಿದವರಲ್ಲ ಅವರು. ಆಮೇಲೆ ಮಾತು ನಿಂತಿತು, ಮುದ್ದೆ ನುಂಗಲು ಬಾರದೆ ಗಂಜಿಯನ್ನು ಇವಳೇ ಬಾಯಿಗೆ ಬಿಡುತ್ತಿದ್ದಳು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದ್ದರು. ಇದಕ್ಕೆ ಔಷಧಿಯೇ ಇಲ್ಲ, ಮನೆಯಲ್ಲಿ ನೋಡಿಕೊಳ್ಳಿ ಎಂದು ಅಲ್ಲಿನವರು ಕಳುಹಿಸಿದ್ದರು.

ಮೊನ್ನೆ ನಮ್ಮವರು ಬಂದಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಸ್ವಲ್ಪ ಗಟ್ಟಿಯಾಯಿತೆಂದು ಕಾಣುತ್ತದೆ, ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು.

"ನನ್ನ ಯಾರ್ ಕೇಳುದ್ರು? ಆವಪ್ಪ ಜಗ್ಲಿ ಮ್ಯಾಲೆ ಗಂಡಸ್ರತ್ರ ಕುಂತು ಬರ್ಕಂಡ್ರು. ನಾನು ಒಳ್ಗೆ ಮಾವ್ನೋರ ತಾವ ಕುಂತಿದ್ದೆ," ಎಂದಳು. ಆಮೇಲೆ ಮೆತ್ತಗೆ, "ಅವ್ರ ಕಣ್ಣು ಆಕುಸ್ಕೊಂಡೋರು ನೋಡ್ತಾವ್ರೇನಮ್ಮ?" ಎಂದು ಕೇಳಿದಳು.

ನೋಡುತ್ತಿದ್ದಾರೆ ಎಂದೆ. ಅವತ್ತಿನ ಮಟ್ಟಿಗೆ ಅದು ನಿಜವೇ ಆಗಿತ್ತು. ಆಕೆಯ ಮುಖ ಅರಳಿದ್ದನ್ನು ನೋಡಲಾಗದೆ ಎದ್ದು ಬಂದೆ.

ಕಾರಿನಲ್ಲಿ ಕೂತೆ. ಆಸ್ಪತ್ರೆಗೆ ಫೋನ್ ಮಾಡಿ ಎರಡೇ ಮಾತು ಹೇಳಿದೆ. ಫ್ರಿಜ್ಜಿನಲ್ಲಿರುವ ಇನ್ನೊಂದು ಕಾರ್ನಿಯಾವನ್ನು ನಾಳೆ ಯಾರಿಗೂ ಹಾಕಕೂಡದು. ನಿನ್ನೆಯ ಕಸಿಗೆ ಬಳಸಿದ ಉಪಕರಣ ಒಂದನ್ನೂ ಯಾರೂ ಮುಟ್ಟಕೂಡದು. ಯಾಕೆಂದು ಸಿಸ್ಟರ್ ಕೇಳಿದರು. ಬಂದು ಹೇಳುತ್ತೇನೆ ಎಂದೆ. ಉಪಕರಣಗಳ ಮಟ್ಟಿಗೆ ಪುಣ್ಯವಿತ್ತು. ಅವನ್ನು ತೊಳೆದು, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೊಕ್ಲೇವಿನಲ್ಲಿಟ್ಟು ತೆಗೆದಿದ್ದರು, ಇನ್ನೊಬ್ಬರ ಮೇಲೆ ಬಳಸಿರಲಿಲ್ಲ.

ಮಧ್ಯಾಹ್ನ, ಆ ಮನೆಯವರಿಂದ ಹೆಸರು ಕೇಳಿಕೊಂಡು, ಬೆಂಗಳೂರಿನಲ್ಲಿ ರೋಗಿಯನ್ನು ನೋಡಿದ್ದ ನರರೋಗ ತಜ್ಞರನ್ನು ಫೋನಿನಲ್ಲಿ ಹಿಡಿದೆ. ಅವರಿಗೆ ಚೆನ್ನಾಗಿ ನೆನಪಿತ್ತು. ಸ್ಕ್ಯಾನಿನಲ್ಲಿ ಮಿದುಳಿನ ಅಂಚು ಬಿಳಿ ಪಟ್ಟಿಯಾಗಿ ಹೊಳೆಯುತ್ತಿತ್ತು, ಬೆನ್ನುಹುರಿಯ ನೀರೂ ಅದನ್ನೇ ಹೇಳಿತ್ತು. ಮಿದುಳನ್ನೇ ಪರೀಕ್ಷೆ ಮಾಡದೆ ನೂರಕ್ಕೆ ನೂರು ಎನ್ನಲಾಗದು, ಆದರೆ ತಮಗೆ ಅನುಮಾನವಿಲ್ಲ ಎಂದರು. ಪ್ರಿಯಾನ್ ಕಾಯಿಲೆ. ನೀವು ಯಾಕೆ ಕೇಳುತ್ತಿದ್ದೀರಿ ಎಂದರು. ಅವರ ಕಾರ್ನಿಯಾವನ್ನು ನಿನ್ನೆ ಒಬ್ಬರಿಗೆ ಹೊಲಿದಿದ್ದೇನೆ ಎಂದೆ.

ಪ್ರಿಯಾನ್ ಎಂದರೆ ಕ್ರಿಮಿಯಲ್ಲ, ವೈರಸ್ಸೂ ಅಲ್ಲ. ಅದಕ್ಕೆ ಜೀವವೇ ಇಲ್ಲ. ನಮ್ಮೆಲ್ಲರ ನರಕೋಶಗಳ ಮೈಮೇಲೆ ಇರುವ ಒಂದು ಸಾಧಾರಣ ಪ್ರೋಟೀನು ಹೇಗೋ ತಪ್ಪಾಗಿ ಮಡಚಿಕೊಳ್ಳುತ್ತದೆ. ಹಾಗೆ ಮಡಚಿಕೊಂಡದ್ದು ಪಕ್ಕದ ಒಳ್ಳೆಯ ಪ್ರೋಟೀನನ್ನು ಮುಟ್ಟಿದರೆ ಅದೂ ತನ್ನಂತೆಯೇ ಆಗುವ ಹಾಗೆ ಮಾಡುತ್ತದೆ, ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಕೊನೆಗೆ ಮಿದುಳು ಸ್ಪಂಜಿನಂತೆ ತೂತುತೂತಾಗುತ್ತದೆ. ಜೀವವಿಲ್ಲದ್ದನ್ನು ಕೊಲ್ಲುವುದು ಹೇಗೆ? ಕುದಿಸಿದರೆ ಸಾಯುವುದಿಲ್ಲ, ಸ್ಪಿರಿಟ್ಟಿಗೆ ಜಗ್ಗುವುದಿಲ್ಲ, ನಾವು ಕಣ್ಣಿಗೊತ್ತಿಕೊಂಡು ನಂಬುವ ಆಟೊಕ್ಲೇವ್ ಕೂಡ ಎಂದಿನ ಬಿಸಿಯಲ್ಲಿ ಅದನ್ನು ಪೂರ್ತಿ ಮುಗಿಸಲಾರದು. ಇಷ್ಟು ವರ್ಷ ಕೈ ತೊಳೆದೂ ತೊಳೆದೂ ಶುದ್ಧ ಎಂದುಕೊಂಡಿದ್ದೆಲ್ಲ ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಕಣ್ಣಿನ ನರವೆಂದರೆ ಮಿದುಳಿನದೇ ಒಂದು ಚಾಚು. ಕಾರ್ನಿಯಾದಿಂದ ಈ ಕಾಯಿಲೆ ದಾಟಿದ ಪ್ರಕರಣಗಳು ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯವು. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನನ್ನ ಕಾಲೇಜಿನ ಗೆಳೆಯನಿದ್ದಾನೆ. ಮದ್ದೂರಿನವನು, ಆಲೆಮನೆಯ ಹೊಗೆಯಲ್ಲಿ ಬೆಳೆದವನು. ಕೆಟ್ಟು ಮಡಚಿದ ಪ್ರೋಟೀನುಗಳನ್ನು ನಮ್ಮ ಕೋಶಗಳು ಹೇಗೆ ಒಡೆದು ಹಾಕುತ್ತವೆ ಎನ್ನುವುದೇ ಅವನ ಕೆಲಸ. ನಾವು ಸೇರಿದಾಗಲೆಲ್ಲ ಅವನು ಅದನ್ನು ವಿವರಿಸಲು ಹೊರಟರೆ ನಾನು ಆಕಳಿಸಿ ಮಾತು ಬದಲಿಸುತ್ತಿದ್ದೆ. ಅವತ್ತು ಸಂಜೆ ಅವನಿಗೆ ಫೋನ್ ಮಾಡಿ, ನಿನ್ನ ಕೋಶಗಳು ಅದನ್ನು ತಿಂದು ಮುಗಿಸುತ್ತವೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳು ಎಂದೆ. ಒಂದೇ ಮಾತಿನಲ್ಲಿ ಹೇಳುವ ಹಾಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ ಎಂದ.

ಅವನು ಹೇಳಿದ್ದು ಇಷ್ಟು. ನಮ್ಮ ಕೋಶಗಳು ಸುಮ್ಮನೆ ಸೋಲುವುದಿಲ್ಲ. ಮಿದುಳಿನಲ್ಲಿ ಕಾವಲಿಗೆಂದೇ ಇರುವ ರೋಗನಿರೋಧಕ ಕೋಶಗಳು ಪ್ರಿಯಾನನ್ನು ನುಂಗುತ್ತವೆ. ನರಕೋಶಗಳೂ ಒಳಗೆ ಎಳೆದುಕೊಳ್ಳುತ್ತವೆ. ನುಂಗಿದ್ದನ್ನು ಎರಡೂ ಬಗೆಯ ಕೋಶಗಳು ತಮ್ಮೊಳಗಿನ ಒಂದು ಪುಟ್ಟ ಹುಳಿ ಚೀಲಕ್ಕೆ ಸಾಗಿಸುತ್ತವೆ. ಪ್ರೋಟೀನು ಕತ್ತರಿಸುವ ಕಿಣ್ವಗಳು ಆ ಚೀಲದ ತುಂಬ ಇರುತ್ತವೆ. ಪ್ರಿಯಾನಿನ ಬಾಲದ ಭಾಗ ಬೇಗ ತುಂಡಾಗುತ್ತದೆ. ಒಳಗಿನ ಗಟ್ಟಿ ಗಂಟು ಮಾತ್ರ ಸುಲಭಕ್ಕೆ ಮಣಿಯುವುದಿಲ್ಲ, ಆದರೂ ದಿನಗಟ್ಟಲೆ ಕತ್ತರಿಸಿ ಕತ್ತರಿಸಿ ಕರಗಿಸುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಸ್ವಲ್ಪವೇ ಪ್ರಿಯಾನ್ ಕೊಟ್ಟರೆ ಅದು ಕರಗುತ್ತಾ ಬರುವುದನ್ನು ಅವನು ಕಣ್ಣಾರೆ ನೋಡಿದ್ದಾನೆ. ತೊಂದರೆ ಇರುವುದು ನರಕೋಶದಲ್ಲಿ. ಅದರ ಮೈಮೇಲೆ ಒಳ್ಳೆಯ ಪ್ರೋಟೀನು ಬೇಕಾದಷ್ಟಿರುವುದರಿಂದ ಒಂದು ಕಡೆ ಕತ್ತರಿಸುತ್ತಿರುವಾಗಲೇ ಇನ್ನೊಂದು ಕಡೆ ಹೊಸದು ಕೆಡುತ್ತಿರುತ್ತದೆ. ಕಾವಲು ಕೋಶಗಳೂ ಅಷ್ಟೇ, ಹೊರೆ ಮಿತಿಮೀರಿದರೆ ಸುಸ್ತಾಗಿ ಅರ್ಧ ತಿಂದದ್ದನ್ನು ಹೊರಗೆ ಚೆಲ್ಲಿಯೂ ಬಿಡಬಹುದು.

ಹಾಗಾದರೆ ನನ್ನ ರೋಗಿಯ ಗತಿ ಏನು ಎಂದೆ. ಗೊತ್ತಿಲ್ಲ ಎಂದ. ಕಾರ್ನಿಯಾದಲ್ಲಿ ಇರುವುದು ತೀರಾ ಅತ್ಯಲ್ಪ, ಅದೂ ಇದ್ದರೆ. ಅವಳ ಕೋಶಗಳು ಅದನ್ನು ಮುಗಿಸಿಯೂ ಬಿಡಬಹುದು. ಮುಗಿಸದಿದ್ದರೆ ಅದು ಗೊತ್ತಾಗುವುದಕ್ಕೇ ವರ್ಷಗಳು ಬೇಕು. ರಕ್ತ ಪರೀಕ್ಷೆ ಮಾಡಿ ಹೇಳೋಣವೆಂದರೆ ಅಂಥ ಪರೀಕ್ಷೆಯೇ ನಮ್ಮ ಕೈಲಿಲ್ಲ. ಹೊಲಿದ ಪೊರೆಯನ್ನು ವಾಪಸ್ಸು ತೆಗೆದರೆ ಉಪಯೋಗವಾಗುತ್ತದೆ ಎನ್ನುವುದಕ್ಕೂ ಪುರಾವೆಯಿಲ್ಲ. ನನಗೆ ಕೋಪ ನೆತ್ತಿಗೇರಿತು. ಇಷ್ಟು ವರ್ಷ ಕೂತು ಓದಿ ಗೊತ್ತಿಲ್ಲ ಗೊತ್ತಿಲ್ಲ ಎನ್ನುತ್ತೀಯಲ್ಲ ಎಂದು ಕೂಗಾಡಿದೆ. ಅವನು ನಾನು ಮುಗಿಸುವವರೆಗೆ ಕಾದ.

"ನಮ್ಮಾಲೆಮನೆ ನೆನುಸ್ಕೊ," ಎಂದ. "ಗಾಣ ಅರೆಯೋದ್ಕಿಂತ ಜಾಸ್ತಿ ಕಬ್ಬು ಬಂದ್ ಬಿದ್ರೆ ರಾಶಿ ಬೆಳೀತಾನೆ ಓಯ್ತದೆ. ಕಮ್ಮಿ ಬಂದ್ರೆ ಗಾಣನೇ ಗೆಲ್ತದೆ. ಗಾಣದ ವೇಗ ಎಚ್ಚಿಸಕ್ಕೆ ನಂಗೂ ಆಗಲ್ಲ, ನಿಂಗೂ ಆಗಲ್ಲ. ಬರೋ ಕಬ್ಬು ನಿಲ್ಸದು ಮಾತ್ರ ನಿನ್ ಕೈಲದೆ."

ಗುರುವಾರ ಬೆಳಿಗ್ಗೆ ನಮ್ಮ ಹಿರಿಯ ವೈದ್ಯರ ಕೋಣೆಯಲ್ಲಿ ಕೂತೆವು. ಅವರು ಒಳ್ಳೆಯವರು, ನನಗೆ ಹೊಲಿಗೆ ಕಲಿಸಿದವರು. ತೆಗೆಯುವುದು ಬೇಡ, ಹೇಳುವುದೂ ಬೇಡ ಎಂಬುದು ಅವರ ಅಭಿಪ್ರಾಯ. ಅವರ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ. ಪೊರೆ ತೆಗೆದರೆ ಬದಲಿಗೆ ಹಾಕಲು ಒಳ್ಳೆಯ ಕಾರ್ನಿಯಾ ನಮ್ಮಲ್ಲಿರಲಿಲ್ಲ. ಇದ್ದದ್ದು ಗ್ಲಿಸರಿನ್ನಿನಲ್ಲಿ ಇಟ್ಟಿದ್ದ ಹಳೆಯ ಪೊರೆ, ಕಣ್ಣು ಸೋರದಂತೆ ಮುಚ್ಚುವುದಕ್ಕಷ್ಟೇ ಅದು ಆದೀತು, ಅದರ ಮೂಲಕ ಏನೂ ಕಾಣುವುದಿಲ್ಲ. ಎರಡು ದಿನಕ್ಕೆ ಮತ್ತೆ ಕಣ್ಣು ಕೊಯ್ದರೆ ಸೋಂಕು ತಗಲಿ ಕಣ್ಣೇ ಹೋಗಬಹುದು. ಆಗುತ್ತದೋ ಇಲ್ಲವೋ ತಿಳಿಯದ ಒಂದು ಕಾಯಿಲೆಗೆ ಹೆದರಿ, ಕಣ್ಣೆದುರಿಗೆ ಬಂದಿರುವ ದೃಷ್ಟಿಯನ್ನು ಕಿತ್ತುಕೊಳ್ಳುತ್ತೀಯಾ ಎಂದು ಕೇಳಿದರು. ಹೇಳಿದರೆ ಅವಳು ಬದುಕಿರುವಷ್ಟು ದಿನ ಹೆದರಿಕೊಂಡೇ ಸಾಯುತ್ತಾಳೆ ಎಂದರು.

ಇದು ನನ್ನ ಕಣ್ಣಲ್ಲ, ನಿಮ್ಮ ಕಣ್ಣೂ ಅಲ್ಲ ಎಂದೆ. ಜಗಲಿಯ ಮೇಲೆ ಕೂತು ಒಳಗಿನವಳನ್ನು ಕೇಳದೆ ತೀರ್ಮಾನ ಮಾಡಿದ್ದಕ್ಕೇ ಇಲ್ಲಿಗೆ ಬಂದಿದ್ದೇವೆ, ಮತ್ತೆ ಅದನ್ನೇ ಮಾಡುವುದು ಬೇಡ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೋಗಿ ಹೇಳು ಎಂದರು.

ವಾರ್ಡಿನ ಮೂಲೆಯ ಮಂಚಕ್ಕೆ ಪರದೆ ಎಳೆದೆವು. ಅವಳ ಗಂಡನೂ ಇದ್ದ, ಮರಳು ಲಾರಿಯ ಡ್ರೈವರ್, ಕೆಲಸ ಬಿಟ್ಟು ಬಂದು ಕೂತಿದ್ದ. ಮಗಳನ್ನು ಕಾಫಿ ತರಲು ಕಳಿಸಿದೆ. ಕಣ್ಣು ಕೊಟ್ಟವರು ಯಾರು, ಯಾವ ಊರು ಎಂದು ಹೇಳಲಿಲ್ಲ, ಹೇಳುವಂತಿಲ್ಲ. ಉಳಿದದ್ದನ್ನೆಲ್ಲ ಹೇಳಿದೆ. ಕೆಟ್ಟ ಪ್ರೋಟೀನಿನ ಮಾತು, ದೇಹದ ಕಾವಲು ಕೋಶಗಳು ಅದನ್ನು ತಿಂದು ಮುಗಿಸಬಹುದೆಂಬ ಮಾತು, ಮುಗಿಸದೆಯೂ ಇರಬಹುದೆಂಬ ಮಾತು. ಗಂಡ ಮೊದಲು ಬೈದ. ಅವನ ಬೈಗುಳ ನನಗೆ ನ್ಯಾಯವಾಗಿಯೇ ಕಂಡಿತು, ಸುಮ್ಮನೆ ಕೇಳಿಸಿಕೊಂಡೆ. ಆಮೇಲೆ, ಕಾಯಿಲೆ ಬಂದರೆ ಗೊತ್ತಾಗುವುದು ಹೇಗೆ ಎಂದು ಕೇಳಿದ. ಮರೆವು, ನಡಿಗೆ ತಪ್ಪುವುದು, ಒಂದು ಪಾತ್ರೆ ಬಿದ್ದರೂ ಮೈಯೆಲ್ಲ ಅದುರುವುದು ಎಂದೆ. ಅದನ್ನು ಹೇಳಿ ತಲೆ ಎತ್ತಿದರೆ ಪರದೆಯ ಸಂದಿಯಲ್ಲಿ ಮಗಳು ಫ್ಲಾಸ್ಕ್ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅಮ್ಮನ ಕೈಗೆ ಫ್ಲಾಸ್ಕ್ ಕೊಟ್ಟು ಹೊರಗೆ ಹೋದಳು.

ತಾಯಿ ಫ್ಲಾಸ್ಕನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು.

"ಆ ಯಜಮಾನ್ರಿಗೆ ಕೊನೇಲಿ ಯಾರ್ ಮಾಡುದ್ರು ಡಾಕ್ಟ್ರಮ್ಮ? ಉಣ್ಸದು, ತೊಳೆಯದು?"

ಸೊಸೆ ಎಂದೆ.

"ನಂಗೆ ಸೊಸೆ ಇಲ್ಲ," ಎಂದಳು. "ಇರೋದು ಇವ್ಳೊಬ್ಳೆ. ನಾನ್ ಅಂಗ್ ಬಿದ್ಕಂಡ್ರೆ ಇಸ್ಕೂಲ್ ಬುಟ್ಟು ಇವ್ಳೇ ನನ್ ಬಾಯ್ಗೆ ಗಂಜಿ ಬುಡ್ಬೇಕು. ತಗುದ್ಬುಡಿ."

ಇನ್ನೊಮ್ಮೆ ಯೋಚನೆ ಮಾಡು ಎಂದೆ. ತೆಗೆದರೆ ನಾಳೆಯಿಂದ ಮತ್ತೆ ಏನೂ ಕಾಣುವುದಿಲ್ಲ, ಮುಂದಿನ ಕಾರ್ನಿಯಾ ಯಾವಾಗ ಸಿಗುತ್ತದೋ ಹೇಳಲಾರೆ, ತೆಗೆದ ಮೇಲೂ ಕಾಯಿಲೆ ಬರುವುದೇ ಇಲ್ಲವೆಂದು ಬರೆದುಕೊಡಲಾರೆ ಎಂದೆ. ಅದೂ ಅರ್ಥವಾಯಿತೆಂದಳು. ಒಂದು ಗಂಟೆ ಕೊಡಿ ಎಂದು ಕೇಳಿಕೊಂಡಳು. ಆ ಒಂದು ಗಂಟೆ ಮಗಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು, ತಲೆ ಬಾಚಿ, ಎರಡು ಜಡೆ ಹಾಕಿ, ಟೇಪು ಕಟ್ಟಿದಳು. ಕಟ್ಟಿದ್ದನ್ನು ಬಿಚ್ಚಿ ಇನ್ನೊಮ್ಮೆ ಬಾಚಿದಳು. ನಾನು ಬಾಗಿಲಲ್ಲಿ ನಿಂತು ನೋಡಿದವಳು, ತಡೆಯಲಾಗದೆ ಆಪರೇಷನ್ ಥಿಯೇಟರಿಗೆ ಹೋಗಿ ಸುಮ್ಮಸುಮ್ಮನೆ ಕೈ ತೊಳೆಯತೊಡಗಿದೆ.

ನನ್ನದೇ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಇಷ್ಟು ವರ್ಷದಲ್ಲಿ ಒಡೆದ ಕಸಿ ತೆಗೆದಿದ್ದೇನೆ, ಕೊಳೆತ ಕಸಿ ತೆಗೆದಿದ್ದೇನೆ. ತಿಳಿನೀರಿನಂತಿದ್ದ ಕಸಿಯನ್ನು ತೆಗೆದದ್ದು ಅದೇ ಮೊದಲು. ಸುತ್ತಲಿನ ಅಂಚನ್ನೂ ಕೂದಲೆಳೆಯಷ್ಟು ಹೆಚ್ಚಿಗೆ ಕೊರೆದು, ತೊಳೆದು, ಗ್ಲಿಸರಿನ್ನಿನ ಮಸುಕು ಪೊರೆಯನ್ನು ಹೊಲಿದೆ. ಮುಗಿದ ಮೇಲೆ ಎರಡೂ ದಿನದ ಉಪಕರಣಗಳನ್ನು, ಹಳ್ಳಿಗೆ ಒಯ್ದಿದ್ದ ಕತ್ತರಿ ಚಿಮಟಗಳನ್ನೂ ಸೇರಿಸಿ, ಕಾಸ್ಟಿಕ್ ಸೋಡಾದ ಗಟ್ಟಿ ದ್ರಾವಣದಲ್ಲಿ ಮುಳುಗಿಸಿಟ್ಟು, ಮುಚ್ಚಿ ಮೊಹರು ಮಾಡಿ ಸುಡುವುದಕ್ಕೆ ಕಳಿಸಿದೆವು. ಎರಡು ಕಾರ್ನಿಯಾಗಳೂ ಅದರ ಜೊತೆಗೇ ಹೋದವು. ನಮ್ಮ ತಂತ್ರಜ್ಞರು ಅವತ್ತು ಊಟ ಮಾಡಲಿಲ್ಲ. ತಾನು ಕೇಳಬೇಕಾದ್ದನ್ನೆಲ್ಲ ಕೇಳಿದ್ದೆನೆಂದು ಹೇಳುತ್ತಲೇ ಇದ್ದರು. ಕೇಳಿದ್ದೇನೋ ನಿಜ.

ಆ ಸೊಸೆಗೆ ಏನೂ ಹೇಳಲಿಲ್ಲ. ತಿಥಿಗೆ ಕರೆದಿದ್ದರು, ಹೋಗಲಿಲ್ಲ. ಮಾವನ ಕಣ್ಣು ಎಲ್ಲೋ ಒಂದು ಕಡೆ ನೋಡುತ್ತಿದೆ ಎಂದು ಅವಳು ಈಗಲೂ ನಂಬಿರಬಹುದು. ಅದನ್ನು ತಿದ್ದುವ ಧೈರ್ಯ ನನಗೆ ಬಂದಿಲ್ಲ. ಆದರೆ ಅವಳಿಂದಾಗಿ ನಮ್ಮ ಪ್ರಶ್ನೆಗಳ ಸಾಲಿನಲ್ಲಿ ಮೊದಲ ಪ್ರಶ್ನೆಯೇ ಬೇರೆಯಾಗಿದೆ. ಕೊನೆಯ ದಿನಗಳಲ್ಲಿ ಇವರ ಬಾಯಿಗೆ ಅನ್ನ ಇಟ್ಟವರು ಯಾರು ಎಂದು ಕೇಳುತ್ತೇವೆ. ಅವರು ಒಳಗಿದ್ದರೆ ಒಳಗೆ ಹೋಗಿ ಅವರ ಪಕ್ಕ ಕೂತು ಉಳಿದದ್ದನ್ನು ಕೇಳುತ್ತೇವೆ. ಅದಕ್ಕೆಂದೇ ಈಗ ತಂತ್ರಜ್ಞರ ಜೊತೆ ಒಬ್ಬ ಸಿಸ್ಟರ್ ಹೋಗುತ್ತಾರೆ. ಜಗಲಿಯ ಮೇಲಿನವರಿಗೆ ಇದು ಅಷ್ಟಾಗಿ ರುಚಿಸುವುದಿಲ್ಲ, ರುಚಿಸದಿದ್ದರೆ ಬೇಡ.

ಬೆಳಕವಾಡಿಯವಳಿಗೆ ಕೆಲವು ತಿಂಗಳ ಮೇಲೆ ಬೇರೆ ಕಾರ್ನಿಯಾ ಸಿಕ್ಕಿತು. ಅದು ಮೊದಲಿನಷ್ಟು ಚೆನ್ನಾಗಿಲ್ಲ, ಆದರೂ ಬಸ್ಸಿನ ಬೋರ್ಡು ಓದುತ್ತಾಳೆ. ಮುತ್ತತ್ತಿಗೆ ಹೋಗಿ ಹರಕೆಯನ್ನೂ ತೀರಿಸಿದಳು. ವರ್ಷಕ್ಕೆ ಎರಡು ಸಲ ತಪಾಸಣೆಗೆ ಬರುತ್ತಾಳೆ. ನಾನು ಕಣ್ಣು ನೋಡುವ ನೆಪದಲ್ಲಿ ಬೇರೆ ಏನೇನೋ ನೋಡುತ್ತೇನೆ. ಬಾಗಿಲಿನಿಂದ ಕುರ್ಚಿಯವರೆಗೆ ನೇರವಾಗಿ ನಡೆದಳೇ, ಕಳೆದ ಸಲ ಹೇಳಿದ ಔಷಧಿಯ ಹೆಸರು ನೆನಪಿದೆಯೇ. ನನ್ನ ಈ ಕಳ್ಳಾಟ ಅವಳಿಗೆ ಗೊತ್ತಿಲ್ಲವೆಂದೇ ತಿಳಿದಿದ್ದೆ.

ಹೋದ ಸಲ ಅವಳು ಯಂತ್ರದ ಮೇಲೆ ಗಲ್ಲವಿಟ್ಟು ಕೂತಿದ್ದಾಗ ಹಿಂದುಗಡೆ ಸಿಸ್ಟರ್ ಕೈಯಿಂದ ಸ್ಟೀಲಿನ ಟ್ರೇ ಜಾರಿ ನೆಲಕ್ಕೆ ಬಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಿಸ್ಟರ್ ಮುಖ ಬಿಳಿಚಿಕೊಂಡಿತ್ತು. ಅವಳು ಮಾತ್ರ ಗಲ್ಲವನ್ನು ಕದಲಿಸಲಿಲ್ಲ.

"ಕುಂತ್ಕಳಿ ಡಾಕ್ಟ್ರಮ್ಮ, ನಂಗೇನೂ ಆಗ್ನಿಲ್ಲ," ಎಂದಳು. "ನಂಗಿದು ರೂಢಿ ಆಗೋಗದೆ. ಮನೇಲಿ ಮಗ್ಳು ದಿನಾ ಬೆಳಗ್ಗೆ ಇಸ್ಕೂಲ್ಗೆ ಓಗಕ್ ಮುಂಚೆ ನನ್ ಇಂದ್ಗಡೆ ಒಂದ್ ತಟ್ಟೆ ಬೀಳುಸ್ತಾಳೆ. ಬೀಳ್ಸಿ ನನ್ನೇ ನೋಡ್ತಾ ನಿಂತ್ಕತಾಳೆ. ಕೈ ಜಾರ್ತು ಕಣವ್ವ ಅಂತಾಳೆ, ನಂಗ್ ಗೊತ್ತಿಲ್ಲ ಅನ್ಕಂಡವ್ಳೆ."